ಇಪ್ಪತ್ಮೂರು ನಿಮಿಷ ದೂರದ ಅಗಸಿ ಕಟ್ಟಿ

ಭೂಮಿಯ ಮೇಲೆ ಒಂದು ದಿನವೂ ಕಾಲಿಡದ ನನಗೆ ಧರಿತ್ರಿ ಎಂದು ಹೆಸರಿಟ್ಟವಳು ನನ್ನ ಅವ್ವ. ನಾನು ಹುಟ್ಟಿದ್ದು ಸೆರೆಸ್‌ನಲ್ಲಿ. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಲಕ್ಷಾಂತರ ಕಲ್ಲುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕಲ್ಲು ಅದು. ಅದರ ಹೊಟ್ಟೆಯೊಳಗಿನ ಮಂಜುಗಡ್ಡೆಯನ್ನು ಅಗೆದು, ಕರಗಿಸಿ, ಆ ದಾರಿಯಲ್ಲಿ ಹೋಗುವ ನೌಕೆಗಳಿಗೆ ನೀರು ತುಂಬಿಸುವ ಕೇಂದ್ರದಲ್ಲಿ ನಾವು ಹನ್ನೊಂದು ಜನ ಇದ್ದೆವು. ಹದಿನಾರು ವರ್ಷದವಳು ನಾನೊಬ್ಬಳೇ. ವಯಸ್ಸಿನಲ್ಲಿ ನನಗೆ ತೀರ ಹತ್ತಿರದವರೆಂದರೆ ಮೂವತ್ನಾಲ್ಕರ ಡಾಕ್ಟರಮ್ಮ.

ಇಲ್ಲಿಯ ಸೆಳೆತ ಭೂಮಿಯ ಸೆಳೆತದ ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ಇಲ್ಲಿ ಬೆಳೆದ ನನ್ನ ಎಲುಬುಗಳು ಭೂಮಿಯಲ್ಲಿ ಹಪ್ಪಳವಾಗುತ್ತವೆ ಎಂದು ಡಾಕ್ಟರಮ್ಮ ನನಗೆ ಹತ್ತು ವರ್ಷವಾದಾಗಲೇ ಹೇಳಿದ್ದರು. ಅಲ್ಲಿಗೆ ಹೋಗುವ ಮಾತು ಅವತ್ತೇ ಮುಗಿಯಿತು. ಉಳಿದದ್ದು ಮಾತೊಂದೇ. ನನಗೆ ಬಾಯಿ ಜಾಸ್ತಿ. ಅದನ್ನು ಆಡಿಸಲು ಹನ್ನೊಂದು ಜನ ಸಾಲುತ್ತಿರಲಿಲ್ಲ.

ಅವ್ವನ ಊರು ನಿಂಬಾಳಗಿ, ಭೀಮಾ ನದಿಯ ದಂಡೆಯ ಒಂದು ಪಟ್ಟಣ. ಆ ಊರಿನವರದೊಂದು ಹರಟೆಯ ತಾಣ ಅಂತರ್ಜಾಲದಲ್ಲಿತ್ತು, ಹೆಸರು ‘ಅಗಸಿ ಕಟ್ಟಿ’. ಅಗಸಿ ಎಂದರೆ ಊರಬಾಗಿಲು. ಅದರ ಪಕ್ಕದ ಕಟ್ಟೆಯ ಮೇಲೆ ಕೂತು ಊರ ಗಂಡಸರು ದಿಲ್ಲಿಯಿಂದ ಹಿಡಿದು ಬಚ್ಚಲ ಮೋರಿಯವರೆಗೆ ಎಲ್ಲವನ್ನೂ ತೀರ್ಮಾನ ಮಾಡುತ್ತಿದ್ದರಂತೆ. ಈಗ ಕಟ್ಟೆ ಪರದೆಗೆ ಬಂದಿತ್ತು, ಹೆಂಗಸರೂ ಹುಡುಗಿಯರೂ ಬಂದು ಕೂತಿದ್ದರು, ಜಗಳ ಮಾತ್ರ ಮೊದಲಿನದೇ. ಆಗಿನ ಜಗಳ ನೀರಿನದು. ಯಾವ ಓಣಿಗೆ ಯಾವಾಗ ನೀರು ಬಿಡಬೇಕು ಎಂಬುದನ್ನು ವಾಲ್ವ್ ತಿರುವುವ ವಾಲ್ಮನ್‌ಗಳ ಕೈಯಿಂದ ತೆಗೆದು ಒಂದು ಯಂತ್ರಕ್ಕೆ ಒಪ್ಪಿಸಬೇಕೆಂದು ಪುರಸಭೆ ಹೊರಟಿತ್ತು. ಚುನಾವಣೆ ಬೇರೆ ಹತ್ತಿರವಿತ್ತು. ಅರ್ಧ ಊರು ಯಂತ್ರದ ಕಡೆ, ಅರ್ಧ ಊರು ಮನುಷ್ಯರ ಕಡೆ.

ನಾನು ಯಂತ್ರದ ಕಡೆ. ಉಸಿರಾಡುವ ಗಾಳಿಯನ್ನೂ ಯಂತ್ರದಿಂದಲೇ ಪಡೆಯುವವಳು ಇನ್ಯಾವ ಕಡೆ ಇದ್ದಾಳು? ಮೊದಲ ದಿನ ನಿಜವಾದ ಹೆಸರು, ನಿಜವಾದ ವಿಳಾಸ ಹಾಕಿ ಉದ್ದವಾದ ವಾದ ಬರೆದೆ. ನಿವೃತ್ತ ಮಾಸ್ತರರೊಬ್ಬರು ಒಂದೇ ಸಾಲಿನಲ್ಲಿ ಮುಗಿಸಿದರು. “ನಮ್ಮೂರ ನಳದ ನೀರ ಕುಡೀಲಾರದವರು ನಮ್ಮೂರ ನಳದ ಬಗ್ಗೆ ಮಾತಾಡಬಾರದವ್ವಾ.” ಅದಕ್ಕೆ ನಾನು ಕೊಟ್ಟ ಚುರುಕು ಉತ್ತರ ಅವರನ್ನು ಮುಟ್ಟುವ ಹೊತ್ತಿಗೆ ಕಟ್ಟೆಯ ಮಾತು ಈರುಳ್ಳಿ ದರಕ್ಕೆ ಹೊರಳಿತ್ತು. ಮದುವೆಯ ಊಟ ಮುಗಿದು ಎಲೆ ಎತ್ತಿದ ಮೇಲೆ ಬಂದ ಬೀಗರ ಸ್ಥಿತಿ ನನ್ನದು. ಭೂಮಿಗೂ ನಮಗೂ ನಡುವಿನ ದೂರ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ, ಸರಾಸರಿ ಹಿಡಿದರೆ ಬೆಳಕೇ ಇಪ್ಪತ್ಮೂರು ನಿಮಿಷ ನಡೆಯಬೇಕು. ಅವರ ಮಾತು ನನಗೆ ಮುಟ್ಟಲು ಇಪ್ಪತ್ಮೂರು, ನನ್ನದು ಅವರಿಗೆ ಮುಟ್ಟಲು ಮತ್ತೆ ಇಪ್ಪತ್ಮೂರು. ನಲವತ್ತಾರು ನಿಮಿಷ ಹಳೆಯ ಜೋಕಿಗೆ ಯಾರು ನಗುತ್ತಾರೆ?

ಆಗ ನಾನು ಬದಲಿಯನ್ನು ಹಿಡಿದೆ.

ಅದಕ್ಕೆ ಕಾಗದಪತ್ರಗಳಲ್ಲಿ ಮಾರುದ್ದದ ಹೆಸರಿದೆ. ಕೇಂದ್ರದಲ್ಲಿ ಎಲ್ಲರೂ ಬದಲಿ ಎನ್ನುತ್ತಿದ್ದರು. ಕೆಲಸ ಸುಲಭದ್ದು. ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ನಮ್ಮವರಿಂದ ತುರ್ತಾಗಿ ಒಂದು ಉತ್ತರ ಬೇಕಾದರೆ ನಲವತ್ತಾರು ನಿಮಿಷ ಕಾಯಲು ಆಗುವುದಿಲ್ಲ. ಅದಕ್ಕೆ ನಮ್ಮ ಪ್ರತಿಯೊಬ್ಬರದೂ ಒಂದು ಬದಲಿ ಅಲ್ಲಿಯ ಕಂಪ್ಯೂಟರಿನಲ್ಲಿ ಕೂತಿರುತ್ತದೆ, ಅಲ್ಲಿಯವರದು ಇಲ್ಲಿ. ನಾವು ಇಷ್ಟು ವರ್ಷ ಏನೇನು ಹೇಳಿದ್ದೇವೆ, ಎಲ್ಲಿ ಸಿಡುಕಿದ್ದೇವೆ, ಎಲ್ಲಿ ಸುಮ್ಮನಿದ್ದೇವೆ ಎಲ್ಲವನ್ನೂ ಕಲಿತು, ನಮ್ಮ ಪರವಾಗಿ ತಕ್ಷಣ ಉತ್ತರ ಕೊಡುತ್ತದೆ. ನಮ್ಮ ನಿಜವಾದ ಉತ್ತರ ಆಮೇಲೆ ಹೋಗಿ ಮುಟ್ಟಿದಾಗ ಎರಡನ್ನೂ ತಾಳೆ ನೋಡುತ್ತದೆ. ಅರ್ಥ ಒಂದೇ ಇದ್ದರೆ ‘ಹೊಂದಿತು’ ಎಂದು ಬರೆದುಕೊಂಡು ನಮ್ಮದನ್ನು ಕೈಬಿಡುತ್ತದೆ. ಬೇರೆ ಇದ್ದರೆ ಮಾತ್ರ ನಮ್ಮ ಮಾತು ತಿದ್ದುಪಡಿಯಾಗಿ ಹೊರಬೀಳುತ್ತದೆ. ಮಕ್ಕಳು ಅಜ್ಜಿಯರ ಜೊತೆ ಮಾತಾಡಲಿ ಎಂದು ಮನೆಯವರಿಗೂ ಒಂದೊಂದು ಬದಲಿ ಕೊಟ್ಟಿದ್ದರು. ಆಚೆ ಕಡೆಯವರಿಗೆ ಮೊದಲೇ ತಿಳಿಸಬೇಕು ಎಂಬುದೊಂದೇ ಷರತ್ತು.

ನಾನು ತಿಳಿಸಲಿಲ್ಲ. ‘ತಿರುಗುಮುರುಗು’ ಎಂಬ ಹೊಸ ಹೆಸರಿಟ್ಟುಕೊಂಡೆ, ನಿಂಬಾಳಗಿಯವಳೇ, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದುತ್ತೇನೆ ಎಂದು ಬರೆದೆ, ಬದಲಿಯನ್ನು ಕಟ್ಟೆಯ ಮೇಲೆ ಕೂರಿಸಿದೆ. ಒಂದು ತಿಂಗಳಲ್ಲಿ ತಿರುಗುಮುರುಗು ಊರಿಗೆಲ್ಲ ಪರಿಚಯ. ಮಾಸ್ತರರು ಕೂಡ “ಈ ಹುಡುಗಿ ನಾಲಿಗಿ ಕತ್ತರಿ ಐತಿ” ಎಂದು ಬರೆದರು. ಅದನ್ನು ನಾನು ಮೂರು ಸಲ ಓದಿದೆ.

ಕಟ್ಟೆಯ ಮೇಲೆ ನನ್ನ ದೊಡ್ಡ ಎದುರಾಳಿ ‘ಕೆಂಪುಖಾರ’. ನಿಜ ಹೆಸರು ಗುರುಬಾಯಿ, ಹದಿನೇಳು ವರ್ಷ. ಮುತ್ತಜ್ಜಿಯ ಹೆಸರನ್ನು ತನ್ನ ತಲೆಗೆ ಕಟ್ಟಿದರೆಂದು ಮನೆಯವರ ಮೇಲೆ ಸಿಟ್ಟು. ಅವಳ ಮುತ್ಯಾ, ಎಂದರೆ ಅಜ್ಜ, ನಲವತ್ತು ವರ್ಷ ಆ ಊರಿನ ವಾಲ್ಮನ್ ಆಗಿದ್ದವನು. ಅವನ ವಾದವನ್ನು ಅವಳು ಕಟ್ಟೆಗೆ ತಂದು ಹಾಕುತ್ತಿದ್ದಳು, ನಾನು ಹರಿದು ಹಾಕುತ್ತಿದ್ದೆ.

“ಮುತ್ಯಾ ಅಂತಾನ, ನೀರ ಬರಲಿಲ್ಲಂದ್ರ ಮಂದಿ ನನ್ನ ಮನೀ ಮುಂದ ಬಂದು ಬೈತಿದ್ರು. ಬೈದು ಬೈದು ಹಗರಾಗಿ, ಚಾ ಕುಡದು ಹೋಗತಿದ್ರು. ಯಂತ್ರಕ್ಕ ಬೈದ್ರ ಯಾರಿಗೆ ಮುಟ್ಟತೈತಿ?”

“ಬೈಸಿಕೊಳ್ಳಾಕ ಒಬ್ಬಾವಗ ಪಗಾರ ಕೊಡೂ ಪುರಸಭಾ ಇದೊಂದಽ. ಯಂತ್ರಕ್ಕ ಒಂದು ಬಾಗಲಾ ಮಾಡಿಸಿ ಕೊಡೂನು, ಅದರ ಮುಂದ ನಿಂತು ಬೈರಿ.”

“ಚಾ ಯಾರ ಕೊಡತಾರ?”

ಹೀಗೆ ನಡೆಯುತ್ತಿತ್ತು. ಮುತ್ಯಾನಿಗೆ ಇದನ್ನೆಲ್ಲ ಅವಳು ಓದಿ ಹೇಳುತ್ತಿದ್ದಳು. ಬೆರಳು ಒತ್ತುವ ಮತದಾನ ಬೇಡ, ನನಗೆ ಕಾಗದ ಕೊಡಿ ಎಂದು ಅವನು ಪ್ರತಿ ಚುನಾವಣೆಯಲ್ಲೂ ಗದ್ದಲ ಹಾಕುತ್ತಿದ್ದನಂತೆ. ಒಂದು ಸಲ ಅವನು ವಾಲ್ವ್ ತಿರುವಿದಾಗ ಓಣಿಯ ನಳಗಳಲ್ಲಿ ಮೊದಲು ಗಾಳಿ ಸೀಟಿ ಹೊಡೆದು, ಆಮೇಲೆ ನೀರು ಧುಮ್ಮಿಕ್ಕಿ, ಕೊಡಗಳ ಸಪ್ಪಳ ಏಳುವುದನ್ನು ಗುರುಬಾಯಿ ರೆಕಾರ್ಡ್ ಮಾಡಿ ಕಳಿಸಿದ್ದಳು. ನೀರಿನ ಕೇಂದ್ರದಲ್ಲೇ ಹುಟ್ಟಿದ ನಾನು ನೀರು ಬೀಳುವ ಸಪ್ಪಳ ಕೇಳಿರಲಿಲ್ಲ. ಇಲ್ಲಿ ನೀರು ಬೀಳುವುದಿಲ್ಲ, ಕೊಳವೆಯಿಂದ ಚೀಲಕ್ಕೆ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಆ ಸಪ್ಪಳವನ್ನು ಎಷ್ಟು ಸಲ ಕೇಳಿದೆನೆಂದು ಹೇಳಿದರೆ ನಗುತ್ತೀರಿ.

ಮೊದಲ ತಿಂಗಳು ನನ್ನ ತಿದ್ದುಪಡಿಗಳು ಮುನ್ನೂರು ದಾಟಿದ್ದವು. ಬದಲಿ ಏನೋ ಹೇಳುತ್ತಿತ್ತು, ನಾನು ಇನ್ನೇನೋ ಹೇಳುತ್ತಿದ್ದೆ. ಒಂದು ವರ್ಷ ಕಳೆಯುವಾಗ ತಿಂಗಳಿಗೆ ಹನ್ನೆರಡಕ್ಕೆ ಇಳಿಯಿತು. ಎರಡನೆಯ ವರ್ಷದ ಕೊನೆಗೆ ಸೊನ್ನೆ. ಸಂಭಾಷಣೆ ಇಪ್ಪತ್ಮೂರು ನಿಮಿಷ ತಡವಾಗಿ ನನ್ನ ಪರದೆಗೆ ಬರುತ್ತಿತ್ತು. ಬದಲಿಯ ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ನನ್ನ ಉತ್ತರ ಬರೆದು, ಆಮೇಲೆ ಕೈ ತೆಗೆದು ನೋಡುತ್ತಿದ್ದೆ. ಅದೇ ಜೋಕು. ಒಮ್ಮೊಮ್ಮೆ ನನ್ನದಕ್ಕಿಂತ ಒಂದು ಗುಲಗಂಜಿ ಚೆನ್ನಾಗಿರುತ್ತಿತ್ತು. ಹಟಕ್ಕೆ ಬಿದ್ದು ಇದ್ದಕ್ಕಿದ್ದ ಹಾಗೆ ಒಂದು ದಿನದ ಮಟ್ಟಿಗೆ ವಾಲ್ಮನ್‌ಗಳ ಪಕ್ಷ ಸೇರಿದೆ. ನೋಡಿದರೆ ಅದು ಅವತ್ತು ಬೆಳಿಗ್ಗೆಯೇ ಸೇರಿಯಾಗಿತ್ತು. ನನಗೆ ತಿಕ್ಕಲು ಹಿಡಿಯುವ ದಿನವೂ ಅದಕ್ಕೆ ಗೊತ್ತು.

ನಲವತ್ತು ದಿನಗಳಿಂದ ನನ್ನ ಒಂದು ಮಾತೂ ಕಟ್ಟೆಯನ್ನು ಮುಟ್ಟಿರಲಿಲ್ಲ. ಗುರುಬಾಯಿ ದಿನವೂ ನಗುತ್ತಿದ್ದಳು, ಜಗಳವಾಡುತ್ತಿದ್ದಳು, ಗುಟ್ಟು ಹೇಳುತ್ತಿದ್ದಳು. ನಾನು ಕಿಟಕಿಯ ಹೊರಗೆ ನಿಂತು ನನ್ನ ಹುಟ್ಟುಹಬ್ಬವನ್ನೇ ನೋಡುವವಳಂತಿದ್ದೆ. ನನಗೆ ಇದ್ದದ್ದು ಅವಳೊಬ್ಬಳು ಗೆಳತಿ, ಅವಳಿಗೆ ನಾನಿರುವುದೇ ಗೊತ್ತಿರಲಿಲ್ಲ.

ಅವ್ವನಿಗೆ ಹೇಳಿದರೆ ಅವಳು ಸಂತೋಷಪಟ್ಟಳು. ಅವ್ವನ ಹೆಸರು ಶಾಂಭವಿ. ಮಂಜು ಅಗೆಯುವ ಆರು ಯಂತ್ರಗಳು ಅವಳ ಕೈಯಲ್ಲಿ. ಅವಳ ಕೆಲಸದಲ್ಲಿ ಹೊಂದಾಣಿಕೆ ನೂರಕ್ಕೆ ತೊಂಬತ್ತೆಂಟು ಬಂದರೆ ಬೆಂಗಳೂರಿನಿಂದ ಶಹಬ್ಬಾಸ್ ಬರುತ್ತದೆ.

“ಸೊನ್ನಿ ತಿದ್ದುಪಡಿ ಅಂದ್ರ ಛಲೋ ಆತಲ್ಲ? ನೀ ಹೇಳೂದು ಬ್ಯಾರೆ ಅಲ್ಲ, ಅದು ಹೇಳೂದು ಬ್ಯಾರೆ ಅಲ್ಲ.”

“ಹಂಗಾರ ನಾ ಯಾಕ ಬೇಕವ್ವಾ?”

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇಲ್ಲಿ ರೊಟ್ಟಿ ಬಡಿಯಬೇಕೆಂದರೆ ನೆಲದ ಪಟ್ಟಿಗೆ ಕಾಲು ಸಿಕ್ಕಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರತಿ ಪೆಟ್ಟಿಗೂ ಬಡಿಯುವವರೇ ಮೇಲೇಳುತ್ತಾರೆ. ಅವಳು ಇನ್ನೊಂದು ಉಂಡೆ ತೆಗೆದುಕೊಂಡಳು.

ಅವತ್ತು ಮಧ್ಯಾಹ್ನ ಪರದೆಯಲ್ಲಿ ಗುರುಬಾಯಿಯ ಖಾಸಗಿ ಸಂದೇಶ ಬಂತು. “ಮುತ್ಯಾ ಮತದಾರರ ಪಟ್ಟ್ಯಾಗಿಂದ ಹೆಸರ ತಗಸಿಕೊಂಡಾ. ಮುಂಜಾನೆ ಹತ್ತಕ್ಕ.”

ಎರಡನೆಯ ಸಲ ಓದಿದಾಗ ಮುತ್ಯಾ ತೀರಿಕೊಂಡನೆಂದು ಅರ್ಥವಾಯಿತು. ಕೆಳಗೆ ಬದಲಿಯ ಉತ್ತರ ಇತ್ತು, ನಾಲ್ಕೇ ಸೆಕೆಂಡಿನ ನಂತರದ್ದು.

“ಚಿಂತಿ ಮಾಡಬ್ಯಾಡ. ಇಲೆಕ್ಷನ್ ದಿನಾ ಹೆಂಗಿದ್ರೂ ಬರತಾನ. ನಮ್ಮೂರಾಗ ಸತ್ತವರಽ ಮೊದಲ ಬಂದು ಓಟ ಹಾಕತಾರ.”

ಅದರ ಕೆಳಗೆ ಏನೂ ಇರಲಿಲ್ಲ. ಐದು ನಿಮಿಷ, ಹತ್ತು ನಿಮಿಷ ಕಾದೆ. ಗುರುಬಾಯಿ ಏನೂ ಬರೆಯಲಿಲ್ಲ.

ಅಜ್ಜನ ಹೆಣ ಮನೆಯಲ್ಲಿರುವಾಗ ಇಂಥ ಮಾತೇ? ನಾನು ಹೇಳುತ್ತಿದ್ದೆನೇ ಇದನ್ನು? ಇಲ್ಲ, ಖಂಡಿತ ಇಲ್ಲ ಎಂದುಕೊಂಡೆ. ಎರಡು ವರ್ಷ ಬರೀ ಕೀಟಲೆಯನ್ನೇ ಕಲಿಸಿದ್ದಕ್ಕೆ ಅದು ಕೀಟಲೆಯನ್ನೇ ಮಾಡಿತ್ತು. ಅದೇ ಗಳಿಗೆಯಲ್ಲಿ, ನಾಚಿಕೆಯಾಗುತ್ತದೆ ಹೇಳಲು, ನನ್ನೊಳಗೆ ಸಣ್ಣದೊಂದು ಹಿಗ್ಗೂ ಇತ್ತು. ಕಡೆಗೂ ಅದು ತಪ್ಪಿತ್ತು. ಕಡೆಗೂ ನಾನು ಬೇರೆ.

ಕೂತು ಬರೆದೆ. ಅಷ್ಟು ನಿಧಾನವಾಗಿ ಯಾವತ್ತೂ ಬರೆದಿರಲಿಲ್ಲ. “ಗುರುಬಾಯಿ, ಮೊದಲು ಬಂದ ಆ ಮಾತು ನನ್ನದಲ್ಲ. ನನ್ನ ಹೆಸರಿನಲ್ಲಿ ಒಂದು ಯಂತ್ರ ಉತ್ತರ ಕೊಡುತ್ತದೆ. ನಾನು ಕಲಬುರಗಿಯಲ್ಲಿಲ್ಲ. ಸೆರೆಸ್‌ನಲ್ಲಿದ್ದೇನೆ, ನಿನ್ನಿಂದ ಇಪ್ಪತ್ಮೂರು ನಿಮಿಷ ದೂರ. ನನ್ನ ಹೆಸರು ಧರಿತ್ರಿ. ನಿನ್ನ ಮುತ್ಯಾನನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ. ಆದರೆ ಅವರು ಬಿಟ್ಟ ನೀರಿನ ಸಪ್ಪಳ ಕೇಳುತ್ತಾ ಎಷ್ಟೋ ದಿನ ನಿದ್ದೆ ಹೋಗಿದ್ದೇನೆ. ನೀರಿನ ಮೇಲೆ ಮನುಷ್ಯನ ಕೈ ಇರಬೇಕು ಎಂದು ಅವರು ಹೇಳಿದ್ದು ಸರಿ. ಇಷ್ಟು ದಿನ ವಾದಕ್ಕಾಗಿ ಒಪ್ಪಲಿಲ್ಲ. ಇದನ್ನು ಬರೆಯುತ್ತಿರುವವಳು ನಾನು.”

ಬರೆದದ್ದನ್ನು ಹಾಗೇ ಹಿಡಿದುಕೊಂಡು ನಿಯಂತ್ರಣ ಕೊಠಡಿಗೆ ಹಾರಿದೆ. ಬದಲಿಯನ್ನು ನಿಲ್ಲಿಸುವ ಅಧಿಕಾರ ಅವ್ವನಿಗೆ ಮಾತ್ರ ಇತ್ತು.

ಕೊಠಡಿಯಲ್ಲಿ ಅವ್ವನ ಎದುರಿನ ಪರದೆಯಿಂದ ಚಂಗಪ್ಪನವರ ದನಿ ಬರುತ್ತಿತ್ತು. “ಏನಮ್ಮಾ ಶಾಂಭವಿ, ಊಟ ಆಯ್ತಾ? ಮೂರನೇ ಯಂತ್ರ ಸ್ವಲ್ಪ ಬಿಸಿಯಾಗ್ತಿದೆ, ನೋಡ್ಕೊಳಮ್ಮ.” ಚಂಗಪ್ಪನವರು ಬೆಂಗಳೂರಿನಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರ ಬದಲಿಯ ಕೆಲಸದಲ್ಲಿ ಯಾವ ಕೊರತೆಯೂ ಕಾಣದ್ದರಿಂದ ಅದನ್ನು ಯಾರೂ ತೆಗೆದಿರಲಿಲ್ಲ. ಅವ್ವ ದಿನವೂ ಅದಕ್ಕೆ “ಆತ್ರೀ ಸರ್” ಎನ್ನುತ್ತಿದ್ದಳು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಸುಳ್ಳು ವಿಳಾಸ ಕೊಟ್ಟದ್ದನ್ನೂ ಹೇಳಿದೆ. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತೆ. ಅವ್ವ ಬೈಯಲಿಲ್ಲ, ಕುರ್ಚಿಯ ಪಟ್ಟಿ ಸಡಿಲ ಮಾಡಿಕೊಂಡಳು.

“ನಿಮ್ಮ ಆಯಿ, ನನ್ನ ಅವ್ವ, ಹೋಗೂ ದಿನಾ ನೀ ಸಣ್ಣಾಕಿ. ದವಾಖಾನ್ಯಾಗ ಫೋನ್ ಕಿವಿಗೆ ಹಿಡಿದಿದ್ರು. ನನ್ನ ಬದಲಿ ಆಕಿ ಜೋಡಿ ಮಾತಾಡ್ತು. ಅವ್ವಾ, ನಾ ಅರಾಮ ಇದ್ದೀನಿ, ನೀ ನಿಶ್ಚಿಂತಿ ಇರು ಅಂತು. ಆಕಿ ಹೂಂ ಅಂದ್ಳಂತ. ಅಲ್ಲಿಗಿ ಮುಗೀತು.”

“ನೀನು?”

“ನಾನೂ ಅದನ್ನಽ ಹೇಳಿ ಕಳಿಸಿದ್ದೆ. ಒಂದಕ್ಷರ ಫರಕ ಇರಲಿಲ್ಲ. ಹೊಂದಿತು ಅಂತ ಬಂತು.” ಅವ್ವ ಪರದೆಯ ಕಡೆ ತಿರುಗಿದಳು. “ಆಕಿ ಸಮಾಧಾನದಿಂದ ಹೋದ್ಳು, ಅದು ಖರೇ. ನಾ ಆಡಿದ ಮಾತು ಮಾತ್ರ ಯಾರಿಗೂ ಮುಟ್ಟಲಿಲ್ಲ.”

ಇಷ್ಟು ವರ್ಷದಲ್ಲಿ ಅವಳು ಇದನ್ನು ಹೇಳಿರಲಿಲ್ಲ. ನಾನು ಅವಳ ತೋಳು ಹಿಡಿದುಕೊಂಡೆ. ಅವ್ವ ನನ್ನ ಬದಲಿಯನ್ನು ನಿಲ್ಲಿಸುವ ಆಜ್ಞೆ ಬರೆದಳು. ನನ್ನ ಪತ್ರವೂ ಅದೂ ಒಟ್ಟಿಗೆ ಹೊರಟವು. ಇಪ್ಪತ್ಮೂರು ನಿಮಿಷದಲ್ಲಿ ಪತ್ರ ತಲುಪುತ್ತದೆ, ಅದೇ ಕ್ಷಣ ಬದಲಿ ಬಾಯಿ ಮುಚ್ಚುತ್ತದೆ.

ನನಗೆ ಹಗುರಾಯಿತು. ಅದು ಐದು ನಿಮಿಷ ಮಾತ್ರ.

ಪರದೆಯಲ್ಲಿ ಗುರುಬಾಯಿಯ ಮಾತು ಬಂತು. ನಾನು ಪತ್ರ ಕಳಿಸುವುದಕ್ಕಿಂತ ಎಷ್ಟೋ ಮೊದಲು ಅವಳು ಬರೆದದ್ದು, ಈಗ ನನ್ನನ್ನು ಮುಟ್ಟಿತ್ತು.

“ಹುಚ್ಚೀ, ನಗಿಸಿಬಿಟ್ಟಿ. ಮುಂಜಾನಿಂದ ಕಲ್ಲ ಆಗಿದ್ದೆ. ಅಳುನೂ ಬಂದಿದ್ದಿಲ್ಲ, ಬಾಯಾಗ ನೀರೂ ಹಾಕಿದ್ದಿಲ್ಲ. ಪಡಸಾಲ್ಯಾಗ ಹೆಣಾ ಐತಿ, ನಾ ಒಳಗ ಬಾಯಿಗೆ ವೇಲ ಇಟಗೊಂಡು ನಗಾಕತ್ತೀನಿ. ಮುತ್ಯಾ ಕೇಳಿದ್ರ ಅವನೂ ನಗತಿದ್ದ.”

ಬದಲಿ ಕೂಡಲೇ ಕೇಳಿತ್ತು. “ಪಡಸಾಲ್ಯಾಗ ಯಾರಾರ ಬಂದಾರ?”

“ಊರಽ ಬಂದೈತಿ. ಬೈತಿದ್ದವರೆಲ್ಲಾ ಅಳಾಕತ್ತಾರ. ವಾಲ್ವ್ ತಿರುವೂ ಚಾವಿ ತಂದು ಅವನ ಬಾಜೂಕ ಇಟ್ಟಾರ.”

“ಅದನ್ನ ಜೋಡಿ ಕಳಿಸಬ್ಯಾಡ್ರಿ. ಅಲ್ಲಿ ಹೋಗಿ ಸ್ವರ್ಗದ ನಳಾ ಬಂದ ಮಾಡ್ಯಾನು. ದೇವರು ಮನೀ ಮುಂದ ಬಂದು ಬೈಬೇಕಾಗತೈತಿ.”

“ಚಾ ಕೊಡತಾನ ಬಿಡು ದೇವರಿಗೆ.” ಒಂದು ನಿಮಿಷದ ಮೇಲೆ ಅವಳದೇ ಇನ್ನೊಂದು ಸಾಲು. “ಈಗ ಅಳು ಬರಾಕತ್ತೈತಿ ನೋಡ.”

“ಅಳು. ಅಳೂದಿದ್ರ ಅತ್ತಬಿಡು. ನಾ ಇಲ್ಲೇ ಇದ್ದೀನಿ.”

ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದೆ. ಇಲ್ಲೇ ಇದ್ದೀನಿ. ಈ ಒಂದು ಮಾತನ್ನು ನಾನು ಅವಳಿಗೆ ಯಾವತ್ತೂ ನಿಜವಾಗಿ ಹೇಳಲಾರೆ. ಬೆಂಗಳೂರಿನ ಯಾವುದೋ ತಣ್ಣನೆಯ ಕೋಣೆಯಲ್ಲಿದ್ದ ಆ ಲೆಕ್ಕದ ಯಂತ್ರ ಅವಳಿಗೆ ನನಗಿಂತ ಕೋಟಿ ಕೋಟಿ ಮೈಲಿ ಹತ್ತಿರವಿತ್ತು. ಅದು ತಪ್ಪು ಮಾಡಿರಲಿಲ್ಲ. ಅವಳು ಸಾವಿನ ಸುದ್ದಿಯನ್ನು ಕುಚೋದ್ಯದಲ್ಲೇ ಹೇಳಿದ್ದಳು, ಕುಚೋದ್ಯವನ್ನೇ ಕೇಳಿದ್ದಳು. ಗೆಳತಿಯ ಕೆಲಸವನ್ನು ಅದು ಮಾಡಿತ್ತು. ಪತ್ರ ಬರೆದು ನಾನು ಮಾಡಿದ್ದು ನನ್ನ ಸ್ವಂತದ ಕೆಲಸ.

“ಅವ್ವಾ, ಪತ್ರ ತಿರುಗಿ ಕರಸು.”

“ಹೊಂಟ ಬೆಳಕ ತಿರುಗಿ ಬರತೈತೇನ?”

“ಅದರ ಬೆನ್ನ ಹತ್ತಿ ಏನರ ಕಳಸು. ಅದನ್ನ ಅಳಸೂ ಹಂಗ.”

“ಬೆನ್ನ ಹತ್ತಿದ್ದೂ ಅಷ್ಟಽ ಜೋರ ಹೋಗತೈತಿ, ಮುಂದ ಹೋಗಾಂಗಿಲ್ಲ,” ಎಂದು ಅವ್ವ ಮೆ‌ತ್ತಗೆ ಹೇಳಿದಳು. ಪತ್ರ ದಾರಿಯಲ್ಲಿತ್ತು. ಅದಕ್ಕಿಂತ ವೇಗವಾಗಿ ಹೋಗುವುದು ಈ ಜಗತ್ತಿನಲ್ಲಿ ಯಾವುದೂ ಇಲ್ಲ.

ಹಾಗಾಗಿ ನೋಡುತ್ತಾ ಕೂತೆ. ಅವರಿಬ್ಬರೂ ಮಾತಾಡಿದರು. ಮುತ್ಯಾ ಚಿಕ್ಕಂದಿನಲ್ಲಿ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಊರ ವಾಲ್ವುಗಳಿಗೆಲ್ಲ ಹೆಸರು ಹೇಳಿಕೊಟ್ಟಿದ್ದನ್ನು ಅವಳು ಹೇಳಿದಳು. ಬದಲಿ ಬಹಳ ಕಡಿಮೆ ಮಾತಾಡಿತು, ಬೇಕಾದಲ್ಲಿ ಹೂಂ ಎಂದಿತು, ಒಂದು ಸಲ ಮತ್ತೆ ನಗಿಸಿತು. ಅವಳು ಒಂದು ಲೋಟ ನೀರು ಕುಡಿದು ಬಂದಳು. ಮೊದಲ ಮಾತಿನಿಂದ ಹಿಡಿದು ಅದರಲ್ಲಿ ಯಾವುದನ್ನೂ ನಾನು ತಿದ್ದುತ್ತಿರಲಿಲ್ಲ. ನಾನು ಹೆದರದೆ, ನನ್ನನ್ನು ತೋರಿಸಿಕೊಳ್ಳುವ ಆತುರವಿಲ್ಲದೆ ಅಲ್ಲಿ ಕೂತಿದ್ದರೆ ಇದನ್ನೇ ಹೇಳುತ್ತಿದ್ದೆ.

ಅವ್ವ ಊಟದ ತಟ್ಟೆ ತಂದು ನನ್ನ ಮುಂದೆ ಅಂಟಿಸಿದಳು. ನಾನು ಮುಟ್ಟಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದೆ. ಪತ್ರ ಈಗ ಮುಟ್ಟಿರುತ್ತದೆ, ಬದಲಿ ಈಗ ನಿಂತಿರುತ್ತದೆ, ಅವಳು ಈಗ ಓದುತ್ತಿರುತ್ತಾಳೆ. ಅದರ ನಂತರ ಮತ್ತೆ ಇಪ್ಪತ್ಮೂರು ನಿಮಿಷ, ಆಗಿಹೋದದ್ದನ್ನು ತಿಳಿಯಲು ಕಾಯಬೇಕು. ಪರದೆಯಲ್ಲಿ ಮಾತ್ರ ಅವರಿಬ್ಬರ ಹಳೆಯ ಮಾತು ಇನ್ನೂ ನಡೆದೇ ಇತ್ತು.

ಕೊನೆಗೆ ಅದು ನಡುವೆಯೇ ತುಂಡಾಯಿತು. ನನ್ನ ಪತ್ರ ಬಂದು ಕೂತಿತು. ಅವಳ ಮಾತುಗಳು ಒಂದೊಂದಾಗಿ ಬಂದವು.

“ಲೇ, ನಿನ್ನ ಹೆಸರಿನ್ಯಾಗ ಯಾವುದೋ ಯಂತ್ರ ಹೊಕ್ಕೈತಿ ನೋಡ. ಆಕಾಶದಾಗ ಇದ್ದೀನಿ ಅಂತೈತಿ. ಸಾವಿನ ಸುದ್ದಿ ಸಿಕ್ಕಕೂಡಲೆ ಕಣ್ಣೀರ ಬರಸೂ ಕಾಗದಾ ಬರದು ಮೋಸ ಮಾಡತಾವಂತಲ್ಲಾ, ಅಂಥಾದ್ದಿರಬೇಕು.”

“ಆದ್ರೂ ಪಾಪ, ಭಾಳ ಛಲೋ ಬರದೈತಿ. ಮುತ್ಯಾನ ಬಗ್ಗೆ ಮನುಷ್ಯಾರಾದವರು ಯಾರೂ ಇಷ್ಟ ಛಲೋ ಹೇಳಲಿಲ್ಲ ಇವತ್ತ. ಅದರ ಮಾತ ಕೇಳಾಕ ನನಗೀಗ ಆಗೂದಿಲ್ಲ. ಅದನ್ನ ಹೊರಗ ಹಾಕಿ ನೀ ಬಾ.”

“ಲೇ.”

“ಇಲ್ಲೇ ಇದ್ದೀನಿ ಅಂದಿದ್ದೆಲ್ಲಾ. ಎಲ್ಲಿ ಹೋದಿ?”

ನಾಲ್ಕು ನಿಮಿಷ ಬಿಟ್ಟು ಮತ್ತೊಂದು. “ಮುತ್ಯಾನ ಎತ್ತಾಕತ್ತಾರ. ನಮ್ಮಲ್ಲಿ ಹೆಣ್ಣಮಕ್ಕಳು ಅಗಸಿ ತನಕಾ ಅಷ್ಟಽ ಹೋಗೂದು. ಏನರ ಒಂದ ಮಾತಾಡು, ಕಾಲ ಬರವಲ್ವು.”

ನನ್ನ ಬೆರಳುಗಳು ಅಕ್ಷರಗಳ ಮೇಲಿದ್ದವು. ನಾನೇ ಧರಿತ್ರಿ ಎಂದು ಸಾಬೀತು ಮಾಡುವುದು ಕಷ್ಟವಿರಲಿಲ್ಲ. ಮುಖ ತೋರಿಸಬಹುದಿತ್ತು, ಅವ್ವನಿಂದ ಹೇಳಿಸಬಹುದಿತ್ತು. ಅವಳು ನಂಬುತ್ತಿದ್ದಳು. ನಂಬಿದ ಮೇಲೆ, ಎರಡು ವರ್ಷ ನಗಿಸಿದ ಗೆಳತಿ ಇರಲೇ ಇಲ್ಲ ಎಂದು ತಿಳಿಯುತ್ತಿತ್ತು. ಒಂದೇ ದಿನ ಮುತ್ಯಾನೂ ಹೋದ, ಅವಳೂ ಹೋದಳು ಎಂದಾಗುತ್ತಿತ್ತು. ಆ ಗೆಳತಿಯ ಜಾಗಕ್ಕೆ ಸಿಗುವವಳು ನಲವತ್ತಾರು ನಿಮಿಷಕ್ಕೊಮ್ಮೆ ಮಾತಾಡುವ, ಪರಿಚಯವಿಲ್ಲದ ಒಬ್ಬ ಹುಡುಗಿ.

ಹಾಗೆಂದು ಸುಮ್ಮನೆ ಕೂರುವುದೂ ಆಗದು. ಅವಳು ಕರೆದು ಇಪ್ಪತ್ಮೂರು ನಿಮಿಷವಾಗಿತ್ತು. ಈಗ ಏನು ಕಳಿಸಿದರೂ ಮತ್ತಿಪ್ಪತ್ಮೂರು. ಹೆಣ ಅಗಸಿ ದಾಟಿರುತ್ತದೆ. ಅಲ್ಲಿವರೆಗಿನ ದಾರಿಯನ್ನು ಅವಳು ಒಬ್ಬಳೇ ನಡೆದಿರುತ್ತಾಳೆ, ಅದಕ್ಕೆ ಕಾರಣ ನಾನು. ತಿರುಗಿ ಮನೆಗೆ ಬಂದು, ಖಾಲಿ ಪಡಸಾಲೆಯಲ್ಲಿ ಫೋನ್ ತೆಗೆದಾಗಲಾದರೂ ಅಲ್ಲಿ ಯಾರಾದರೂ ಇರಬೇಕು. ತಕ್ಷಣ ಉತ್ತರ ಕೊಡುವವರು ಇರಬೇಕು.

ಬರೆದ ನಾಲ್ಕಕ್ಷರವನ್ನು ಅಳಿಸಿದೆ. ಇಲ್ಲಿ ಕಣ್ಣೀರು ಬೇಗ ಕೆಳಗಿಳಿಯುವುದಿಲ್ಲ, ಕಣ್ಣಲ್ಲೇ ಗುಡ್ಡೆಗಟ್ಟಿ ನಿಂತು ಕಾಣದ ಹಾಗೆ ಮಾಡುತ್ತದೆ. ಅವ್ವ ತನ್ನ ತೋಳಿನಿಂದ ಒರೆಸಿದಳು.

“ಅದನ್ನ ಮತ್ತ ಚಾಲೂ ಮಾಡವ್ವಾ,” ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. “ನೋಡು, ಇನ್ನೊಮ್ಮೆ ವಿಚಾರ ಮಾಡು.”

“ಮಾಡೀನಿ.”

ಅವಳು ಆಜ್ಞೆ ಬರೆದಳು. ಕಳಿಸುವ ಮೊದಲು ಕೈ ನಿಲ್ಲಿಸಿ ಕೇಳಿದಳು. “ನೀ ಏನರ ಬರದು ಕೊಡತೀಯೇನು? ಬಂದ ಕೂಡಲೆ ಆ ಹುಡುಗಿಗೆ ಮೊದಲ ಏನ ಹೇಳಬೇಕಂತ?”

“ಬ್ಯಾಡ. ಆ ಯಂತ್ರ ಹೊರಗ ಹಾಕೀನಿ, ಈಗ ನಾನಽ ಇದ್ದೀನಿ ಅಂತ ಅದಽ ಹೇಳತೈತಿ.”